118 ಡಾಲರ್ 20 ಸೆಂಟ್: ಆಂಬುಲೆನ್ಸ್ ಬಿಲ್ಲಿಂಗಲ್ಲಿ ನನ್ನ ಅನುಭವ

2016ರಲ್ಲಿ ಬೆಂಗಳೂರಲ್ಲಿ ಒಂದು ಮೆಡಿಕಲ್ ಬಿಲ್ಲಿಂಗ್ ಕಂಪನಿ ಸೇರ್ಕೊಂಡೆ, ನೈಟ್ ಶಿಫ್ಟು, ಕೊಟ್ಟಿದ್ದು ಕ್ಯಾಲಿಫೋರ್ನಿಯಾದ ಒಂದು ಪ್ರೈವೇಟ್ ಆಂಬುಲೆನ್ಸ್ ಅಕೌಂಟು. ಮೊದಲನೇ ವಾರಾನೇ ಒಂದು ಕ್ಲೇಮ್ ನೋಡಿ ತಲೆ ಕೆಟ್ಟೋಯ್ತು. ನಾವು ಹಾಕಿದ್ದ ಬಿಲ್ಲು ಎರಡು ಸಾವಿರ ಡಾಲರ್ ಮೇಲೆ, ಬಂದಿದ್ದು ನೂರು ಚಿಲ್ಲರೆ. ಅಪೀಲ್ ರೆಡಿ ಮಾಡ್ಕೊಂಡು ಹೋದ್ರೆ ಟೀಮ್ ಲೀಡ್ ಮೇಡಂ ನಕ್ಕು, "ಅದು ಮೆಡಿ-ಕ್ಯಾಲ್ ಕಣೋ, ಅವ್ರ ರೇಟೇ ಅಷ್ಟು" ಅಂದ್ರು.

ಮೆಡಿಕೇಡ್ ಅಂದ್ರೆ ಅಮೆರಿಕಾದಲ್ಲಿ ಬಡವರಿಗಿರೋ ಸರ್ಕಾರಿ ಇನ್ಶೂರೆನ್ಸು, ದುಡ್ಡು ಕೇಂದ್ರ ರಾಜ್ಯ ಸೇರಿ ಹಾಕ್ತವೆ, ರೇಟು ಮಾತ್ರ ಆಯಾ ರಾಜ್ಯದ್ದು. ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸ್ರು ಮೆಡಿ-ಕ್ಯಾಲ್. ಎಮರ್ಜೆನ್ಸಿ ಟ್ರಿಪ್ಪಿಗೆ ಆಗ ಬೇಸ್ ರೇಟು 118.20 ಡಾಲರ್, ಮೈಲಿಗೆ 3.55. ಬೇಸಿಕ್ ಟ್ರಿಪ್ಪಿನ ಬಿಲ್ಲಿಂಗ್ ಕೋಡ್ ಎ0429 ಆದ್ರೂ ಅಷ್ಟೇ, ಪ್ಯಾರಾಮೆಡಿಕ್ ಹೋಗಿ ಡ್ರಿಪ್ ಹಾಕಿ ಮಾನಿಟರ್ ಹಚ್ಚಿರೋ ಅಡ್ವಾನ್ಸ್ಡ್ ಟ್ರಿಪ್ಪಿನ ಎ0427 ಆದ್ರೂ ಅಷ್ಟೇ. ವಯಸ್ಸಾದವರ ಮೆಡಿಕೇರಲ್ಲಿ ಹಾಗಲ್ಲ, ಅಲ್ಲಿ ಬೇಸಿಕ್‌ಗೆ 1.60, ಅಡ್ವಾನ್ಸ್ಡ್‌ಗೆ 1.90 ಅಂತ ರೇಟಿಗೆ ಗುಣಿಸೋ ತೂಕ ಬೇರೆ ಬೇರೆ. ಮೆಡಿಕೇಡಲ್ಲಿ ಬಾಕಿ ದುಡ್ಡನ್ನ ಪೇಷಂಟ್ ಹತ್ರ ಕೇಳೋ ಹಾಗೂ ಇಲ್ಲ, ಫೆಡರಲ್ ರೂಲು, ಸುಮ್ನೆ ರೈಟಾಫ್, ಅಂದ್ರೆ ಲೆಕ್ಕದಿಂದ ಬಿಟ್ಬಿಡೋದು.

ಇಷ್ಟು ಕಮ್ಮಿ ದುಡ್ಡಲ್ಲೂ ನಾನು ಕಳ್ಕೊಂಡಿದ್ದೀನಿ. ಒಂದು ಟ್ರಿಪ್ ಶೀಟಲ್ಲಿ ಪೇಷಂಟ್ ಹುಟ್ಟಿದ ವರ್ಷ 1985 ಅಂತಿತ್ತು, ಮೆಡಿ-ಕ್ಯಾಲ್ ಇದೆಯಾ ಅಂತ ಎಲಿಜಿಬಿಲಿಟಿ ಚೆಕ್ ಮಾಡಿದ್ರೆ ರೆಕಾರ್ಡೇ ಇಲ್ಲ ಅಂತು, ನಾನು ಹಿಂದೆಮುಂದೆ ನೋಡ್ದೆ ಸೆಲ್ಫ್ ಪೇಗೆ, ಅಂದ್ರೆ ಪೇಷಂಟೇ ಕಟ್ಟೋ ಲೆಕ್ಕಕ್ಕೆ ತಳ್ಳಿದೆ, ಮನೆಗೆ ಕಳ್ಸಿದ ಬಿಲ್ಲು ಎರಡು ಸಲ ವಾಪಸ್ ಬಂತು. ಎಂಟನೇ ತಿಂಗಳಲ್ಲಿ ಆಸ್ಪತ್ರೆಯ ಫೇಸ್ ಶೀಟ್ (ಪೇಷಂಟ್ ವಿವರ ಇರೋ ಪುಟ) ತರಿಸಿ ನೋಡ್ತೀನಿ, 1958! ಎಂಟೂ ಐದೂ ಅದಲುಬದಲು. ಮೆಡಿ-ಕ್ಯಾಲಲ್ಲಿ ಆರು ತಿಂಗಳೊಳಗೆ ಹಾಕಿದ್ರೆ ಪೂರ್ತಿ, ಏಳರಿಂದ ಒಂಬತ್ತಕ್ಕೆ 75%, ಹತ್ತರಿಂದ ಹನ್ನೆರಡಕ್ಕೆ 50%. ತಡಕ್ಕೆ ಕಾರಣ ಹೇಳೋ ಕೋಡುಗಳು ಇವೆ, ಆದ್ರೆ "ನಾವು ಸರಿಯಾಗಿ ನೋಡ್ಲಿಲ್ಲ" ಅನ್ನೋಕೆ ಯಾವ ಕೋಡೂ ಇಲ್ಲ. ಮುಕ್ಕಾಲೇ ಬಂತು. ಅವತ್ತಿಂದ ಫೇಸ್ ಶೀಟ್ ನೋಡ್ದೆ ಯಾವ ಟ್ರಿಪ್ಪನ್ನೂ ನಾನು ಸೆಲ್ಫ್ ಪೇ ಮಾಡಿಲ್ಲ.

ಆಮೇಲೆ 2018 ಜುಲೈಯಿಂದ ಬೇಸ್ ರೇಟಿನ ಮೇಲೆ ಆಡ್-ಆನ್ ಅಂತ ಹೆಚ್ಚುವರಿ ದುಡ್ಡು ಬಂತು, 220.80, ಒಟ್ಟು 339 ಡಾಲರ್. ಖುಷಿಯಾಯ್ತು, ಆದ್ರೆ ಪುಗಸಟ್ಟೆ ಅಲ್ಲ. ಆಂಬುಲೆನ್ಸ್ ಕಂಪನಿಗಳೇ ಪ್ರತಿ ಎಮರ್ಜೆನ್ಸಿ ಟ್ರಿಪ್ಪಿಗೆ ರಾಜ್ಯಕ್ಕೆ ಫೀಸ್ ಕಟ್ಬೇಕು, ಆ ದುಡ್ಡು ತೋರ್ಸಿ ರಾಜ್ಯ ಕೇಂದ್ರದ ಪಾಲು ತರ್ಸ್ಕೊಂಡು ಆಡ್-ಆನ್ ಅಂತ ವಾಪಸ್ ಕೊಡುತ್ತೆ. ಫೀಸು ಎಲ್ಲಾ ಇನ್ಶೂರೆನ್ಸ್ ಟ್ರಿಪ್ಪಿಗೂ, ಆಡ್-ಆನ್ ಬರೀ ಮೆಡಿ-ಕ್ಯಾಲ್‌ಗೆ. ಬಡವರ ಏರಿಯಾದಲ್ಲಿ ಓಡಿಸೋರಿಗೆ ಲಾಭ, ಶ್ರೀಮಂತರ ಏರಿಯಾದವ್ರಿಗೆ ಕೈಯಿಂದ ಹೋಗುತ್ತೆ. ನನಗೇನೋ ಇದು ನ್ಯಾಯ ಅನ್ಸುತ್ತೆ, ಕ್ಲೈಂಟ್ ಮುಂದೆ ಹೇಳಲ್ಲ ಅಷ್ಟೇ.

2023ರಿಂದ ಫೈರ್ ಡಿಪಾರ್ಟ್‌ಮೆಂಟ್ ಥರದ ಸರ್ಕಾರಿ ಆಂಬುಲೆನ್ಸ್‌ಗಳು ಬೇರೆ ಸ್ಕೀಮಿಗೆ ಹೋದ್ವು, ಆ ವರ್ಷ ಅವ್ರಿಗೆ ಒಟ್ಟು 1,065.12 ಡಾಲರ್. ಅದೇ ಬೀದಿ, ಅದೇ ಎದೆನೋವು, ಅದೇ ಎ0427, ಪ್ರೈವೇಟ್ ಗಾಡಿಗೆ ಆಗ 339. ಮೊನ್ನೆ ಹೊಸ ಹುಡುಗ ಒಬ್ಬ ಒಂದು ಸರ್ಕಾರಿ ಒಂದು ಪ್ರೈವೇಟ್ ಅಕೌಂಟ್ ಪಕ್ಕ ಪಕ್ಕ ಇಟ್ಕೊಂಡು "ಸರ್, ಇದು ಅಂಡರ್‌ಪೇಮೆಂಟು, ಅಪೀಲ್ ಹಾಕ್ಲಾ?" ಅಂತ ಓಡಿ ಬಂದ. ಕೂತ್ಕೋ ಮಾರಾಯ ಅಂದೆ.