ಎಲ್‌ವಿಎನ್ ಓದಬೇಕೋ, ಆರ್‌ಎನ್ ಓದಬೇಕೋ? ಪಠ್ಯಕ್ರಮ ಹೋಲಿಸುವುದು ಹೀಗೆ

ಕ್ಯಾಲಿಫೋರ್ನಿಯಾದಲ್ಲಿ ನರ್ಸಿಂಗ್ ಓದಬೇಕೆನ್ನುವ ಕನ್ನಡಿಗರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ಎಲ್‌ವಿಎನ್, ಅಂದರೆ ಲೈಸೆನ್ಸ್ಡ್ ವೊಕೇಶನಲ್ ನರ್ಸ್; ಟೆಕ್ಸಾಸ್ ಬಿಟ್ಟರೆ ಉಳಿದ ರಾಜ್ಯಗಳಲ್ಲಿ ಇದಕ್ಕೆ ಎಲ್‌ಪಿಎನ್, ಅಂದರೆ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್ ಎಂಬ ಹೆಸರು. ಇನ್ನೊಂದು ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್. ಎಷ್ಟು ವರ್ಷದ ಕೋರ್ಸ್ ಎಂದಷ್ಟೇ ನೋಡಿ ಫೀಸು ಕಟ್ಟಬೇಡಿ.

ಮೊದಲು ಎರಡನ್ನೂ ಒಂದೇ ಅಳತೆಗೆ ತನ್ನಿ. ಎಲ್‌ವಿಎನ್ ಲೆಕ್ಕ ಗಂಟೆಗಳಲ್ಲಿದೆ: ಒಟ್ಟು 1,530. ಅದರಲ್ಲಿ ಥಿಯರಿ 576, ಕ್ಲಿನಿಕಲ್ (ರೋಗಿಗಳ ಆರೈಕೆಯ ಪ್ರಾಯೋಗಿಕ ತರಬೇತಿ) 954. ಆರ್‌ಎನ್ ಲೆಕ್ಕ ಕಾಲೇಜಿನ ಸೆಮಿಸ್ಟರ್ ಯೂನಿಟ್‌ಗಳಲ್ಲಿದೆ: ಕನಿಷ್ಠ 58. ಇದರಲ್ಲಿ ನರ್ಸಿಂಗ್ 36 (ಥಿಯರಿ 18, ಕ್ಲಿನಿಕಲ್ 18), ಸಂವಹನ 6, ವಿಜ್ಞಾನ ಮತ್ತು ಸಮಾಜ-ಮನಶ್ಶಾಸ್ತ್ರ 16. ಕ್ಲಿನಿಕಲ್‌ನ ಒಂದು ಯೂನಿಟ್ ಎಂದರೆ ವಾರಕ್ಕೆ 3 ಗಂಟೆ. 16 ವಾರಗಳ ಸೆಮಿಸ್ಟರ್ ಆದರೆ 18 ಯೂನಿಟ್‌ಗೆ 864 ಗಂಟೆ. ವಾರ್ಡಿನಲ್ಲಿ ನಿಲ್ಲುವ ಹೊತ್ತು ಎಲ್‌ವಿಎನ್‌ನಲ್ಲೇನೂ ಕಡಿಮೆಯಿಲ್ಲ!

ಹಾಗಾದರೆ ವ್ಯತ್ಯಾಸ ಎಲ್ಲಿ? ವಿಜ್ಞಾನದಲ್ಲಿ. ಎಲ್‌ವಿಎನ್‌ನಲ್ಲಿ ಅನಾಟಮಿ, ಪೋಷಣೆ, ಮನಶ್ಶಾಸ್ತ್ರ ಎಲ್ಲವೂ ಆ 576 ಗಂಟೆಯೊಳಗೇ ಮುಗಿಯಬೇಕು. ಅದರಲ್ಲಿ ಫಾರ್ಮಕಾಲಜಿಗೇ, ಅಂದರೆ ಔಷಧಶಾಸ್ತ್ರಕ್ಕೇ, 54 ಗಂಟೆ ಮೀಸಲು. ಆರ್‌ಎನ್‌ಗೆ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಲ್ಯಾಬ್ ಸಮೇತ ಬೇರೆಯೇ ವಿಷಯಗಳು. ಹಲವು ಕಾಲೇಜುಗಳಲ್ಲಿ ಪ್ರವೇಶಕ್ಕೆ ಮೊದಲೇ ಇವನ್ನು ಮುಗಿಸಿರಬೇಕು. ಲ್ಯಾಬ್ ಇಲ್ಲದ ಕೋರ್ಸ್ ತೆಗೆದುಕೊಂಡು ಮತ್ತೆ ಓದಬೇಕಾಗಿ ಬರುವುದು ಇಲ್ಲೇ.

ಆಮೇಲೆ, ವಿದ್ಯಾರ್ಥಿಯಿಂದ ಏನನ್ನು ನಿರೀಕ್ಷಿಸುತ್ತಾರೆ ಎಂಬುದನ್ನು ಸಿಲಬಸ್‌ನಲ್ಲಿ ನೋಡಿ. ಹೊಟ್ಟೆಯ ಆಪರೇಷನ್ ಆದವರ ಬಿಪಿ 120ರಿಂದ 90ಕ್ಕೆ ಇಳಿದಿದೆ, ನಾಡಿ 118ಕ್ಕೆ ಏರಿದೆ ಎನ್ನಿ. ಇದನ್ನು ಗುರುತಿಸಿ, ಬರೆದಿಟ್ಟು, ತಡಮಾಡದೆ ಆರ್‌ಎನ್‌ಗೆ ತಿಳಿಸುವುದನ್ನು ಎಲ್‌ವಿಎನ್ ಕಲಿಸುತ್ತದೆ. ಆರ್‌ಎನ್ ಪಾಠ ಶುರುವಾಗುವುದೇ ಅಲ್ಲಿಂದ: ಒಳಗೆ ರಕ್ತ ಸೋರುತ್ತಿದೆಯೇ, ನೋವಿನ ಔಷಧಿಯ ಪರಿಣಾಮವೇ, ಡಾಕ್ಟರಿಗೆ ಏನು ಹೇಳಬೇಕು, ಅಷ್ಟರಲ್ಲಿ ಉಳಿದ ರೋಗಿಗಳನ್ನು ಯಾರಿಗೆ ಒಪ್ಪಿಸಬೇಕು? ಲೈಸೆನ್ಸ್ ಪರೀಕ್ಷೆಗಳೂ ಬೇರೆ ಬೇರೆ: ಎಲ್‌ವಿಎನ್‌ಗೆ ಎನ್‌ಕ್ಲೆಕ್ಸ್-ಪಿಎನ್, ಆರ್‌ಎನ್‌ಗೆ ಎನ್‌ಕ್ಲೆಕ್ಸ್-ಆರ್‌ಎನ್.

ಎಲ್‌ವಿಎನ್ ಮುಗಿಸಿ ಮುಂದೆ ಆರ್‌ಎನ್ ಆಗುವ ಯೋಚನೆಯಿದ್ದರೆ ಕ್ಯಾಲಿಫೋರ್ನಿಯಾದ 30 ಯೂನಿಟ್ ದಾರಿಯೂ (ಎಲ್‌ವಿಎನ್ ಆದ ಮೇಲೆ ಹೆಚ್ಚೆಂದರೆ 30 ಯೂನಿಟ್ ಓದುವುದು) ಕಣ್ಣಿಗೆ ಬೀಳುತ್ತದೆ. ಬೇಗ ಮುಗಿಯುತ್ತದೆ, ಆರ್‌ಎನ್ ಪರೀಕ್ಷೆಗೂ ಕೂರಬಹುದು. ಆದರೆ ಕೈಗೆ ಡಿಗ್ರಿ ಸಿಗುವುದಿಲ್ಲ, ಬೇರೆ ರಾಜ್ಯಗಳು ಈ ಲೈಸೆನ್ಸನ್ನು ಒಪ್ಪದೇ ಇರಬಹುದು. ಊರು ಬದಲಿಸುವ ಸಾಧ್ಯತೆ ಇರುವವರು, ಅದರಲ್ಲೂ ಮನೆಯವರ ಕೆಲಸದ ಹಿಂದೆ ರಾಜ್ಯ ಬದಲಿಸಬೇಕಾಗುವವರು, ಎಲ್‌ವಿಎನ್‌ನಿಂದ ಆರ್‌ಎನ್‌ಗೆ ದಾಟಿಸಿ ಡಿಗ್ರಿಯನ್ನೂ ಕೊಡುವ ಬ್ರಿಡ್ಜ್ ಕೋರ್ಸನ್ನೇ ಹಿಡಿಯುವುದು ಕ್ಷೇಮ. ಎರಡೂ ಲೈಸೆನ್ಸ್ ಕೊಡುವ ಬೋರ್ಡ್‌ಗಳು ಬೇರೆ ಬೇರೆಯಾದ್ದರಿಂದ ಕಾಲೇಜಿಗೆ ಯಾವ ಬೋರ್ಡಿನ ಮಾನ್ಯತೆ ಇದೆ ಎಂಬುದನ್ನು ಆ ಬೋರ್ಡಿನ ಪಟ್ಟಿಯಲ್ಲೇ ನೋಡಿಕೊಳ್ಳಿ.