ನಿಮ್ಮ ಬೀದಿಯ ನಲ್ಲಿ ನೀರು ಎಷ್ಟು ಗಡಸು? ಅಳತೆ ಮಾಡೋದು ಹೀಗೆ

ಬಕೆಟ್ಟಿನ ಅಂಚಲ್ಲಿ ಬಿಳಿ ಕರೆ, ಶವರ್ ತೂತುಗಳೆಲ್ಲ ಮುಚ್ಚಿಹೋಗಿವೆ, ಎಷ್ಟು ಸೋಪು ಉಜ್ಜಿದ್ರೂ ನೊರೆ ಬರಲ್ಲ, ತಲೆ ತೊಳೆದ ಮೇಲೂ ಕೂದಲು ಅಂಟಂಟು. ಇಷ್ಟು ಕಂಡ ಕೂಡಲೇ ತುಂಬಾ ಜನ "ನಮ್ಮ ಏರಿಯಾ ನೀರು ಕೆಟ್ಟಿದೆ" ಅಂತ ತೀರ್ಮಾನ ಮಾಡಿ ಸೀದಾ ಫಿಲ್ಟರ್ ಕೊಳ್ಳೋಕೆ ಹೊರಡ್ತಾರೆ. ಸ್ವಲ್ಪ ತಡೀರಿ. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಇದೆ, ನೀರು ಗಡಸಾ ಅನ್ನೋದು ಒಂದು, ಕುಡಿಯೋಕೆ ಸೇಫಾ ಅನ್ನೋದು ಇನ್ನೊಂದು. ಮೊದಲನೇದನ್ನ ಮನೇಲೇ ಕೂತು ಅಳೀಬಹುದು, ಎರಡನೇದಕ್ಕೆ ಲ್ಯಾಬ್ ಬೇಕು. ಎರಡನ್ನೂ ಒಂದೇ ಅಂದ್ಕೊಂಡ್ರೆ ದುಡ್ಡೂ ಹೋಗತ್ತೆ, ಅಪಾಯನೂ ಹಾಗೇ ಉಳಿಯತ್ತೆ.

ಗಡಸುತನ ಅಂದ್ರೆ ನೀರಲ್ಲಿ ಕರಗಿರೋ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಅಷ್ಟೇ. ಮಳೆ ನೀರು ಮಣ್ಣಿನೊಳಗೆ ಇಳಿಯುವಾಗ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗತ್ತೆ, ಆ ಹುಳಿ ನೀರು ಸುಣ್ಣಕಲ್ಲನ್ನ ಕರಗಿಸ್ಕೊಂಡು ಬರತ್ತೆ. ಅದಕ್ಕೇ ಬೋರ್‌ವೆಲ್ ನೀರು ಸಾಮಾನ್ಯವಾಗಿ ಕೆರೆ, ಹೊಳೆ ನೀರಿಗಿಂತ ಗಡಸು. ಇವು ದೇಹಕ್ಕೆ ಬೇಕಾದ ಖನಿಜಗಳೇ, ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಲೆಕ್ಕದಲ್ಲಿ ಯಾವ ಮಿತಿಯನ್ನೂ ಇಟ್ಟಿಲ್ಲ. ತೊಂದರೆ ಇರೋದು ಗೀಸರ್‌ಗೆ, ಪೈಪಿಗೆ, ಬಟ್ಟೆಗೆ, ಸೋಪಿನ ಖರ್ಚಿಗೆ.

ಮೊದಲ ಕೆಲಸ: ನೀರು ಸರಿಯಾಗಿ ಹಿಡಿಯೋದು

ಇದನ್ನ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ, ಆದ್ರೆ ಅರ್ಧ ತಪ್ಪು ಇಲ್ಲೇ ಆಗತ್ತೆ. ಸಪ್ಲೈ ನೀರು ನೇರವಾಗಿ ಬರೋ ನಲ್ಲಿ ಯಾವುದು, ಟ್ಯಾಂಕಿಂದ ಬರೋದು ಯಾವುದು ಅಂತ ನೋಡ್ಕೊಳ್ಳಿ, ಎರಡರಿಂದಲೂ ಬೇರೆ ಬೇರೆ ಹಿಡೀರಿ. ಸಂಪಿನಲ್ಲಿ ಎರಡು ಮೂರು ಕಡೆಯ ನೀರು ಬೆರೆತಿದ್ರೆ ಟ್ಯಾಂಕಿನ ನೀರು ನೋಡಿ ಸಪ್ಲೈಗೆ ಬೈದು ಪ್ರಯೋಜನ ಇಲ್ಲ. ಗಡಸುತನ ನೋಡೋಕೆ ನಲ್ಲಿಯನ್ನ ಎರಡು ಮೂರು ನಿಮಿಷ ಬಿಟ್ಟು, ಶುದ್ಧ ಪ್ಲಾಸ್ಟಿಕ್ ಬಾಟಲಿಯನ್ನ ಅದೇ ನೀರಲ್ಲಿ ಮೂರು ಸಲ ತೊಳೆದು, ಕಂಠದವರೆಗೂ ತುಂಬಿಸಿ ಮುಚ್ಚಿ. ಮೇಲೆ ಮನೆ, ನಲ್ಲಿ, ತಾರೀಕು, ಹೊತ್ತು ಬರೀರಿ.

ಎರಡನೇ ಕೆಲಸ: ಸೋಪಿನ ಟೆಸ್ಟ್

ಒಂದೇ ಅಳತೆಯ ಎರಡು ಬಾಟಲಿ ತಗೊಳ್ಳಿ. ಒಂದಕ್ಕೆ ನಿಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಅಷ್ಟೇ ಡಿಸ್ಟಿಲ್ಡ್ ನೀರು ಅಥವಾ ಶುದ್ಧವಾಗಿ ಹಿಡಿದ ಮಳೆ ನೀರು. ಸೋಪಿನ ತುಂಡನ್ನ ತುರಿದು ಡಿಸ್ಟಿಲ್ಡ್ ನೀರಲ್ಲೇ ಕರಗಿಸಿ, ಆ ದ್ರಾವಣವನ್ನ ಎರಡಕ್ಕೂ ಹನಿ ಹನಿಯಾಗಿ ಹಾಕ್ತಾ ಪ್ರತಿ ಸಲ ಚೆನ್ನಾಗಿ ಅಲ್ಲಾಡಿಸಿ. ಒಂದು ನಿಮಿಷ ನಿಲ್ಲೋ ನೊರೆ ಬರೋಕೆ ಯಾವುದಕ್ಕೆ ಎಷ್ಟು ಹನಿ ಬೇಕಾಯ್ತು ಅಂತ ಎಣಿಸಿ. ಶಾಂಪೂ, ಪಾತ್ರೆ ತೊಳೆಯೋ ಲಿಕ್ವಿಡ್, ಡಿಟರ್ಜೆಂಟ್ ಹಾಕ್ಬೇಡಿ, ಅವು ಗಡಸು ನೀರಲ್ಲೂ ನೊರೆ ಕೊಡೋ ಹಾಗೇ ಮಾಡಿರೋದು, ಟೆಸ್ಟೇ ಹಾಳಾಗತ್ತೆ.

ಇದನ್ನ ಚಿಲ್ಲರೆ ಪ್ರಯೋಗ ಅಂದ್ಕೋಬೇಡಿ. ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಕ್ಲಾರ್ಕ್ 19ನೇ ಶತಮಾನದಲ್ಲಿ ನೀರಿನ ಗಡಸುತನ ಅಳೆದಿದ್ದು ಸೋಪಿನಿಂದಲೇ, ಕ್ಲಾರ್ಕ್ ಡಿಗ್ರಿ ಅನ್ನೋ ಅಳತೆ ಅವರ ಹೆಸರಲ್ಲೇ ಇದೆ. ಆದ್ರೆ ಈ ಟೆಸ್ಟ್ ನಿಮಗೆ ಹೆಚ್ಚು, ಕಡಿಮೆ ಅಂತ ಹೇಳತ್ತೆ, ನಂಬರ್ ಕೊಡಲ್ಲ.

ಮೂರನೇ ಕೆಲಸ: ನಂಬರ್ ಪಡೆಯೋದು

ನಂಬರಿಗೆ ಹನಿ ಲೆಕ್ಕದ ಕಿಟ್ ತಗೊಳ್ಳಿ. ಬಣ್ಣದ ಸ್ಟ್ರಿಪ್ಪೂ ಸಿಗತ್ತೆ, ಸುಲಭನೂ ಹೌದು, ಆದ್ರೆ ಅದು ಅಂದಾಜಿಗೆ ಮಾತ್ರ. ಕಿಟ್‌ನಲ್ಲಿ ನೀರಿಗೆ ಇಂಡಿಕೇಟರ್ ಹಾಕಿದ್ರೆ ಕೆಂಪು ಬಣ್ಣ ಬರತ್ತೆ, ಆಮೇಲೆ ಇಡಿಟಿಎ ದ್ರಾವಣವನ್ನ ಒಂದೊಂದೇ ಹನಿ ಬಿಡ್ತಾ ಅಲ್ಲಾಡಿಸ್ತಾ ಹೋಗ್ಬೇಕು, ಅದು ಕ್ಯಾಲ್ಸಿಯಂ ಮೆಗ್ನೀಸಿಯಂ ಎಲ್ಲಾನೂ ಹಿಡಿದು ಮುಗಿಸಿದ ಕ್ಷಣ ಕೆಂಪು ಹೋಗಿ ನೀಲಿ ಆಗತ್ತೆ (ಕೆಲವು ಕಿಟ್‌ಗಳಲ್ಲಿ ಹಸಿರು), ಅಲ್ಲಿಗೆ ನಿಲ್ಲಿಸಿ. ಹನಿ ಬಿಡುವಾಗ ಬಾಟಲಿ ನೆಟ್ಟಗೆ ತಲೆಕೆಳಗಾಗಿ ಹಿಡೀರಿ, ಓರೆ ಹಿಡಿದ್ರೆ ಹನಿಯ ಗಾತ್ರ ಬದಲಾಗಿ ಲೆಕ್ಕ ತಪ್ಪತ್ತೆ.

ಒಂದು ಹನಿಗೆ ಎಷ್ಟು ಅಂತ ಕಿಟ್ ಮೇಲೇ ಇರತ್ತೆ. ತುಂಬಾ ಕಿಟ್‌ಗಳಲ್ಲಿ ಒಂದು ಹನಿ ಅಂದ್ರೆ ಒಂದು ಜರ್ಮನ್ ಡಿಗ್ರಿ, ಅಂದ್ರೆ ಲೀಟರಿಗೆ ಸುಮಾರು 17.8 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕ. ಫ್ರೆಂಚ್ ಡಿಗ್ರಿ ಆದ್ರೆ 10 ಮಿಲಿಗ್ರಾಂ. ಪಿಪಿಎಂ ಅಂತ ಬರೆದಿದ್ರೆ ಲೀಟರಿಗೆ ಮಿಲಿಗ್ರಾಂ ಅಂತಲೇ ಓದ್ಕೊಳ್ಳಿ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ 60ರ ತನಕ ಮೆದು ನೀರು, 61ರಿಂದ 120 ಮಧ್ಯಮ, 121ರಿಂದ 180 ಗಡಸು, ಅದಕ್ಕೂ ಮೇಲೆ ತುಂಬಾ ಗಡಸು. 200 ದಾಟಿದ್ರೆ ಬಿಸಿನೀರಿನ ಪೈಪು, ಗೀಸರಲ್ಲಿ ಪದರ ಕಟ್ಟೋದು ಜಾಸ್ತಿ. ಹಾಗಂತ ಮೆದು ಇದ್ದಷ್ಟೂ ಒಳ್ಳೇದು ಅಂತಲೂ ಅಲ್ಲ, 100ಕ್ಕಿಂತ ಕಡಿಮೆ ಇರೋ ನೀರು ಪೈಪಿನ ಲೋಹವನ್ನ ಕೊರೆಯೋ ಸಾಧ್ಯತೆ ಇರತ್ತೆ.

ಇನ್ನೊಂದು ಸಣ್ಣ ಪ್ರಯೋಗ ಇಲ್ಲೇ ಮಾಡ್ಬಿಡಿ. ಅಳೆದ ಒಂದಿಷ್ಟು ನೀರನ್ನ ಹದಿನೈದು ನಿಮಿಷ ಕುದಿಸಿ, ಆರಿಸಿ, ಬಿಳಿ ಪುಡಿ ತಳಕ್ಕೆ ಕೂತ ಮೇಲೆ ಸೋಸಿ, ಆವಿಯಾಗಿ ಹೋದಷ್ಟಕ್ಕೆ ಡಿಸ್ಟಿಲ್ಡ್ ನೀರು ಸೇರಿಸಿ ಮತ್ತೆ ಟೆಸ್ಟ್ ಮಾಡಿ. ಎಷ್ಟು ಕಡಿಮೆ ಆಯ್ತೋ ಅಷ್ಟು ತಾತ್ಕಾಲಿಕ ಗಡಸುತನ, ಉಳಿದಿದ್ದು ಶಾಶ್ವತ. ಗೀಸರ್ ಕಾಯಿಲ್ ಮೇಲೆ ಕಲ್ಲಿನ ಹಾಗೆ ಕಟ್ಟೋದು ಮುಖ್ಯವಾಗಿ ಈ ತಾತ್ಕಾಲಿಕದ್ದು. ಆ ಪದರಕ್ಕೆ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್ ಹಾಕಿದ್ರೆ ಬುರುಬುರು ಅಂತ ಗುಳ್ಳೆ ಬಂದು ಕರಗತ್ತೆ.

ಟಿಡಿಎಸ್ ಮೀಟರ್ ಬಗ್ಗೆ

ಇದರ ಬಗ್ಗೆ ನಾನು ಸ್ವಲ್ಪ ಜೋರಾಗೇ ಹೇಳ್ತೀನಿ, ಯಾಕಂದ್ರೆ ಇದರ ಹೆಸರಲ್ಲಿ ಜನರನ್ನ ಹೆದರಿಸೋದು ತುಂಬಾ ನಡೀತಿದೆ. ಟಿಡಿಎಸ್ ಮೀಟರ್ ಗಡಸುತನ ಅಳೆಯಲ್ಲ. ನೀರಲ್ಲಿ ಕರೆಂಟ್ ಎಷ್ಟು ಹರಿಯತ್ತೆ ಅಂತ ನೋಡಿ ಕರಗಿರೋ ಲವಣ ಒಟ್ಟು ಎಷ್ಟಿರಬಹುದು ಅಂತ ಅಂದಾಜು ಹೇಳತ್ತೆ ಅಷ್ಟೇ. ಅಡುಗೆ ಉಪ್ಪು ಕಲಸಿದ ಮೆದು ನೀರಿಗೂ ದೊಡ್ಡ ನಂಬರ್ ಬರತ್ತೆ. ರೋಗಾಣು ತುಂಬಿದ ನೀರಿಗೆ ಸಣ್ಣ ನಂಬರ್ ಬರಬಹುದು. ಅಪಾಯ ಮಾಡೋವಷ್ಟು ಸೀಸ, ಆರ್ಸೆನಿಕ್ ಇದ್ರೂ ಅದರಲ್ಲಿ ಗೊತ್ತಾಗಲ್ಲ.

ಇನ್ನು ಫಿಲ್ಟರ್ ಮಾರೋಕೆ ಬರೋರು ಎರಡು ಲೋಹದ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟು, ನಿಮ್ಮ ನೀರು ಕಂದು ಬಣ್ಣಕ್ಕೆ ತಿರುಗಿದ್ದನ್ನ ತೋರಿಸಿ "ನೋಡಿ ಮೇಡಂ, ಇದೆಲ್ಲ ನಿಮ್ಮ ಮಕ್ಕಳ ಹೊಟ್ಟೆಗೆ ಹೋಗ್ತಿದೆ" ಅನ್ನೋ ಡೆಮೊ. ಆ ಕಂದು ಕಡ್ಡಿಯ ಕಬ್ಬಿಣದ್ದು, ನಿಮ್ಮ ನೀರಿನದ್ದಲ್ಲ. ಆರ್‌ಓ (ಲವಣ ಸೋಸಿ ತೆಗೆಯೋ ಫಿಲ್ಟರ್) ನೀರಲ್ಲಿ ಲವಣ ಕಡಿಮೆ ಇರೋದ್ರಿಂದ ಕರೆಂಟ್ ಸರಿಯಾಗಿ ಹರಿಯಲ್ಲ, ಕಬ್ಬಿಣ ಕರಗಲ್ಲ, ಅದಕ್ಕೇ ಅದು ತಿಳಿಯಾಗಿ ಕಾಣತ್ತೆ. ಇಂಥ ಡೆಮೊ ನೋಡಿ ದಯವಿಟ್ಟು ಏನೂ ಕೊಳ್ಳಬೇಡಿ.

ನಾಲ್ಕನೇ ಕೆಲಸ: ಸೇಫಾ ಅಂತ ಕೇಳೋದು

ಇದು ಲ್ಯಾಬಿನ ಕೆಲಸ. ಮುಖ್ಯವಾಗಿ ಇ ಕೊಲೈ (ಮಲದಿಂದ ನೀರಿಗೆ ಸೇರೋ ಬ್ಯಾಕ್ಟೀರಿಯಾ), ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್, ಸೀಸ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 100 ಮಿಲಿಲೀಟರ್ ನೀರಲ್ಲಿ ಒಂದೂ ಇ ಕೊಲೈ ಕಾಣಬಾರದು, ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ ಮತ್ತು ಸೀಸ ತಲಾ 0.01 ಮಿಲಿಗ್ರಾಂ ಮೀರಬಾರದು. ರೋಗಾಣು ಟೆಸ್ಟಿಗೆ ಮನೆ ಬಾಟಲಿ ಆಗಲ್ಲ, ಲ್ಯಾಬ್ ಕೊಡೋ ಸ್ಟೆರೈಲ್ ಬಾಟಲಿಯಲ್ಲೇ ಹಿಡಿದು, ತಂಪಾಗಿಟ್ಟು ಅವತ್ತೇ ಮುಟ್ಟಿಸ್ಬೇಕು. ಸೀಸಕ್ಕೆ ಮಾತ್ರ ನಲ್ಲಿ ಬಿಟ್ಟು ಹಿಡೀಬೇಡಿ, ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರಿನ ಮೊದಲ ಧಾರೆಯನ್ನೇ ಹಿಡೀರಿ, ಸೀಸ ಬರೋದು ಪೈಪಿಂದ, ಬೆಸುಗೆಯಿಂದ.

ಕುದಿಸಿದ್ರೆ ರೋಗಾಣು ಸಾಯತ್ತೆ, ಆದ್ರೆ ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಹೋಗಲ್ಲ, ನೀರು ಆವಿಯಾದಷ್ಟೂ ಅವು ಇನ್ನೂ ಗಾಢ ಆಗತ್ತೆ.

ಐದನೇ ಕೆಲಸ: ಒಬ್ಬರೇ ಮಾಡ್ಬೇಡಿ

ಒಂದು ಮನೆಯ ರಿಪೋರ್ಟ್ ಹಿಡ್ಕೊಂಡು ಹೋದ್ರೆ "ನಿಮ್ಮ ಟ್ಯಾಂಕ್ ತೊಳೀರಿ" ಅನ್ನೋ ಉತ್ತರ ಸಿಗತ್ತೆ. ಬೀದಿಯ ಮೊದಲ ಮನೆ, ನಡುವಿನದು, ಕೊನೆಯದು, ಇಷ್ಟರಿಂದ ಒಂದೇ ದಿನ, ಒಂದೇ ರೀತಿ ನೀರು ಹಿಡಿದು ಒಂದು ಪಟ್ಟಿ ಮಾಡಿ, ಬೇಸಿಗೇಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ. ಎಲ್ಲ ಮನೇಲೂ ಒಂದೇ ನಂಬರ್ ಬಂದ್ರೆ ಅದು ಮೂಲದ ಗುಣ, ಒಂದೇ ಮನೇಲಿ ಬೇರೆ ಬಂದ್ರೆ ಆ ಮನೆಯ ಸಂಪು, ಪೈಪು ನೋಡ್ಬೇಕು. ಅಮೆರಿಕದ ಫ್ಲಿಂಟ್ ಊರಲ್ಲಿ 2014ರಲ್ಲಿ ನೀರಿನ ಮೂಲ ಬದಲಾಯಿಸಿ, ಪೈಪ್ ಕೊರೆಯದ ಹಾಗೆ ತಡೆಯೋ ಕೆಮಿಕಲ್ ಹಾಕದೇ ಬಿಟ್ಟಾಗ ನಲ್ಲಿಗಳಲ್ಲಿ ಸೀಸ ಬಂತು, ಎಲ್ಲ ಸರಿ ಇದೆ ಅಂತ ಅಧಿಕಾರಿಗಳು ಹೇಳ್ತಾನೇ ಇದ್ರು. 2015ರಲ್ಲಿ ನಿವಾಸಿಗಳೇ ನೂರಾರು ಮನೆಗಳಿಂದ ನೀರು ತುಂಬಿಸಿ ವರ್ಜೀನಿಯಾ ಟೆಕ್ ಸಂಶೋಧಕರಿಗೆ ಕೊಟ್ಟಿದ್ದು ಸತ್ಯ ಹೊರಗೆ ಬರೋಕೆ ದೊಡ್ಡ ಕಾರಣ ಆಯ್ತು.

ಪಟ್ಟಿ ಕೈಗೆ ಬಂದ ಮೇಲೆ ಮಷಿನ್ ಮಾತು

ಬರೀ ಗಡಸು, ಬೇರೆ ಎಲ್ಲ ಸರಿ ಅಂದ್ರೆ ಸ್ನಾನ, ಬಟ್ಟೆಗೆ ಸಾಫ್ಟ್‌ನರ್ ಸಾಕು. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡತ್ತೆ, ಪ್ರತಿ 100 ಮಿಲಿಗ್ರಾಂ ಗಡಸುತನಕ್ಕೆ ಲೀಟರಿಗೆ 46 ಮಿಲಿಗ್ರಾಂ, ಹಾಗಾಗಿ 300 ಇದ್ದ ನೀರಿಗೆ 138 ಸೇರತ್ತೆ. ಬಿಪಿ ಇರೋರು, ಹಸುಗೂಸು ಇರೋ ಮನೆಯವರು ಅಡುಗೆಮನೆ ನಲ್ಲಿಗೆ ಸಾಫ್ಟ್‌ನರ್ ದಾಟದ ಬೇರೆ ಲೈನ್ ಇಟ್ಕೊಳ್ಳಿ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಮಿತಿ ಮೀರಿದ್ರೆ ಕುಡಿಯೋ ನೀರಿಗೆ ಆರ್‌ಓ ಅರ್ಥಪೂರ್ಣ. ಇ ಕೊಲೈ ಬಂದ್ರೆ ಮೊದಲು ಕುದಿಸಿ ಕುಡೀರಿ, ಟ್ಯಾಂಕ್ ತೊಳೆದು ಕ್ಲೋರಿನ್ ಹಾಕಿ, ಪೈಪು ಎಲ್ಲಿ ಒಡೆದು ಚರಂಡಿ ನೀರು ಸೇರ್ತಿದೆ ಅಂತ ಹುಡುಕಿಸಿ, ಆಮೇಲೆ ಅದೇ ನಲ್ಲಿಯಿಂದ ಮತ್ತೊಂದು ಸ್ಯಾಂಪಲ್ ಲ್ಯಾಬಿಗೆ ಕಳಿಸಿ.