ಹಾಸನದಿಂದ ಘಟ್ಟ ಇಳಿದು ಕರಾವಳಿಗೆ: ನಾನು ಟ್ರಿಪ್ ಹಾಕುವ ರೀತಿ

ಹಾಸನದಲ್ಲಿ ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ಓಡಿಸುತ್ತೇನೆ. ಡಿಸೆಂಬರ್ ಬಂತೆಂದರೆ ಫೋನ್ ಮೇಲೆ ಫೋನ್. "ಅಣ್ಣ, ಎರಡು ದಿನಕ್ಕೆ ಉಡುಪಿ, ಮಲ್ಪೆ, ಬೀಚು, ಎಷ್ಟಾಗುತ್ತೆ?" ರೇಟು ಆಮೇಲೆ ಮಾತಾಡೋಣ, ಮೊದಲು ಬೀಚನ್ನು ಸಂಜೆಗೆ ಇಟ್ಟುಕೊಳ್ಳಿ ಅನ್ನುತ್ತೇನೆ. ಮೂರು ಸಾವಿರ ಅಡಿ ಎತ್ತರದ ತಂಪಿನಲ್ಲಿ ಬೆಳೆದ ನಮ್ಮವರಿಗೆ ಅಲ್ಲಿಯ ಮಧ್ಯಾಹ್ನದ ಸೆಕೆ ಆಗಿಬರಲ್ಲ. ಮಕ್ಕಳಂತೂ ಒಂದು ಗಂಟೆಗೆಲ್ಲಾ ಸುಸ್ತು.

ಬೆಳಿಗ್ಗೆ ಐದಕ್ಕೆ ಹಾಸನ ಬಿಡುತ್ತೇನೆ. ಸಕಲೇಶಪುರದಲ್ಲಿ ಹೇಮಾವತಿ ಸೇತುವೆ ದಾಟುವಾಗ ಮುಂದೆ ಕೂತ ಮಕ್ಕಳಿಗೆ ತೋರಿಸುತ್ತೇನೆ: ಈ ನೀರು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಶಿರಾಡಿ ಇಳಿಯುವಾಗ ರಸ್ತೆ ಪಕ್ಕ ಕೆಂಪುಹೊಳೆ ಕಾಣುತ್ತದೆ. ಅದು ಗುಂಡ್ಯ ಹೊಳೆ ಸೇರಿ, ಕುಮಾರಧಾರೆಗೆ ಹೋಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಜೊತೆಯಾಗಿ ಮಂಗಳೂರಿನ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ನೇತ್ರಾವತಿ ಹುಟ್ಟುವುದೂ ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಕಡೆಯೇ.

ಘಟ್ಟ ಸಾವಕಾಶವಾಗಿ ನೋಡಬೇಕು ಅನ್ನುವವರಿಗೆ ರೈಲಿಗೆ ಹೋಗಿ ಅನ್ನುತ್ತೇನೆ, ನನ್ನ ಬಾಡಿಗೆ ಹೋದರೂ ಸರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ. ರೈಲು ನಿಧಾನ, ಹಾಗಾಗಿ ಕಾಡು ಪೂರ್ತಿ ಸಿಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಹೇಳುವುದಿಲ್ಲ. 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ಆ ದಾರಿಯಲ್ಲಿ ರೈಲು ನಿಂತಿತ್ತು.

ಮೊದಲ ದಿನದ ಹಗಲು ನಾನು ಬಾಹುಬಲಿಗಳಿಗೆ ಕೊಟ್ಟಿದ್ದೇನೆ. ಶ್ರವಣಬೆಳಗೊಳ ನಮ್ಮದೇ, 58 ಅಡಿ. ಅದನ್ನು ನೋಡಿದವರಿಗೆ ಕರಾವಳಿಯ ಮೂರೂ ತೋರಿಸಿದರೆ ಖುಷಿ ಜಾಸ್ತಿ. ಕೊಕ್ಕಡದ ಮೇಲೆ ಧರ್ಮಸ್ಥಳ ಮೊದಲು. ಅಲ್ಲಿಯ 39 ಅಡಿಯ ಮೂರ್ತಿಯನ್ನು ರೆಂಜಾಳ ಗೋಪಾಲ ಶೆಣೈ ಕಾರ್ಕಳದಲ್ಲಿ ಕೆತ್ತಿದರು. ಆಮೇಲೆ ಅಷ್ಟು ದೊಡ್ಡ ಕಲ್ಲನ್ನು ರಸ್ತೆಯಲ್ಲೇ ಧರ್ಮಸ್ಥಳಕ್ಕೆ ತಂದರು. ಡ್ರೈವರ್ ಆದ ನನಗೆ ಮೂರ್ತಿಗಿಂತ ಆ ಸಾಗಾಟದ ಕೆಲಸದ ಮೇಲೇ ಬೆರಗು! ಮುಂದೆ ವೇಣೂರು, 1604ರದ್ದು, 35 ಅಡಿ. ಮೂರರಲ್ಲಿ ಚಿಕ್ಕದು, ಜನವೂ ಕಡಿಮೆ. ಬೆಟ್ಟ ಹತ್ತುವ ಕಷ್ಟವಿಲ್ಲ, ವಯಸ್ಸಾದವರು ಇಲ್ಲೇ ಜಾಸ್ತಿ ಹೊತ್ತು ನಿಲ್ಲುತ್ತಾರೆ.

ಮಧ್ಯಾಹ್ನ ಮೂಡುಬಿದಿರೆ. ಸಾವಿರ ಕಂಬದ ಬಸದಿ 1430ರಲ್ಲಿ ಕಟ್ಟಿದ್ದು. ಬೇಲೂರು, ಹಳೇಬೀಡು ನೋಡಿ ಬೆಳೆದವರು ಮೊದಲು ಗೋಡೆಯಲ್ಲಿ ಶಿಲ್ಪ ಹುಡುಕುತ್ತಾರೆ. ನಾನು ಮಾಡು, ಅಂದರೆ ಮೇಲಿನ ಸೂರು ನೋಡಿ ಅನ್ನುತ್ತೇನೆ. ನಮ್ಮ ಹೊಯ್ಸಳರಿಗೆ ಮೆದುವಾದ ಬಳಪದ ಕಲ್ಲು ಸಿಕ್ಕಿತು, ಬಳೆಯ ಗೆರೆವರೆಗೂ ಕೆತ್ತಿದರು. ಇಲ್ಲಿಯ ಮಳೆಗೆ ಅದು ಸಾಲದು. ಸೂರು ಹೊರಗೆ ಚಾಚಿ, ಅಂತಸ್ತಿನ ಮೇಲೆ ಅಂತಸ್ತು ಇಳಿಜಾರಾಗಿ ಕೂತಿದೆ, ನೀರು ಗೋಡೆಗೆ ತಾಗದೆ ಇಳಿದುಹೋಗಲಿ ಅಂತ. ಒಳಗೆ ಹೋದರೆ ನೆರಳು, ಕಾಲಿಗೆ ತಣ್ಣಗಿನ ಕಲ್ಲು. ಕಂಬದಿಂದ ಕಂಬಕ್ಕೆ ಕೆತ್ತನೆ ಬೇರೆ. ಒಂದಕ್ಕೊಂದು ಹೋಲಿಸಿ ನೋಡಿ ಅಂತ ಮಕ್ಕಳಿಗೆ ಹೇಳಿದರೆ ಸಾಕು, ಅರ್ಧ ಗಂಟೆ ಯಾರೂ ಮೊಬೈಲ್ ಕೇಳಲ್ಲ.

ಊಟಕ್ಕೆ ಕೂತಾಗ ಒಂದು ಮಾತು. ಅಲ್ಲಿ ಕುಚ್ಚಲಕ್ಕಿ ಅನ್ನ. ನಮ್ಮವರಿಗೆ ಅಭ್ಯಾಸ ಇಲ್ಲ ಅಂದರೆ ಬೆಳ್ತಿಗೆ, ಅಂದರೆ ಬಿಳಿ ಅನ್ನ ಕೇಳಬೇಕು. ಮುದ್ದೆ ಕೇಳಬೇಡಿ, ಸುಮ್ನೆ ಬೇಜಾರು. ಬದಲಿಗೆ ನೀರು ದೋಸೆ, ಕೋರಿ ರೊಟ್ಟಿ ತಿನ್ನಿ.

ಕಾರ್ಕಳಕ್ಕೆ ಮೂರೂವರೆ ಆಗದೆ ಹೋಗುವುದಿಲ್ಲ. ಗೊಮ್ಮಟನ ಬೆಟ್ಟ ಬರೀ ಬಂಡೆ. ಚಪ್ಪಲಿ ಬಿಟ್ಟು ಬಿಸಿಲಲ್ಲಿ ನಿಂತರೆ ಅಂಗಾಲು ಸುಡುತ್ತದೆ, ಸಾಕ್ಸ್ ಇದ್ದರೆ ಒಳ್ಳೆಯದು. ಮೂರ್ತಿ 42 ಅಡಿ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು. ಅಲ್ಲಿಂದ ನೇರ ಕಾಪು. ದೀಪಸ್ತಂಭ 1901ರದ್ದು, ಅದರ ಬುಡದ ಬಂಡೆಗಳ ಹತ್ತಿರ ಸೂರ್ಯ ಮುಳುಗುವುದು ನೋಡಬಹುದು. ಬೀಚು ಅಂದವರಿಗೆ ಬೀಚು ಸಿಕ್ಕಿತು, ಅಲ್ವಾ? ಬಂಡೆ ಮೇಲೆ ಪಾಚಿ ಇರುತ್ತದೆ, ಜಾರುತ್ತದೆ. ಸೆಲ್ಫಿಗೆ ಅಂಚಿಗೆ ಹೋಗುವವರನ್ನು ನಾನೇ ಕೂಗಿ ಕರೆಯುತ್ತೇನೆ.

ರಾತ್ರಿ ಉಡುಪಿ. ದಾರಿಯಲ್ಲಿ ಯಾವುದಾದರೂ ಗದ್ದೆಯಲ್ಲಿ ಚೆಂಡೆ ಸದ್ದು ಕೇಳಿದರೆ ಗಾಡಿ ನಿಲ್ಲಿಸುತ್ತೇನೆ. ಬಯಲಾಟಕ್ಕೆ ಟಿಕೆಟ್ ಇರಲ್ಲ. ಯಕ್ಷಗಾನ, ಕಂಬಳ, ಭೂತಕೋಲ ನೋಡಬೇಕು ಅಂದರೆ ಈ ತಿಂಗಳುಗಳೇ ಸರಿ. ಮೇ ಕೊನೆಯ ಹೊತ್ತಿಗೆ ಪತ್ತನಾಜೆ, ಅಂದರೆ ತುಳುನಾಡಿನಲ್ಲಿ ಆಟ, ಕೋಲ ನಿಲ್ಲಿಸುವ ದಿನ ಬಂತೆಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಇಲ್ಲ.

ಎರಡನೇ ದಿನ ಬೆಳಿಗ್ಗೆ ಕೃಷ್ಣ ಮಠ, ಆಮೇಲೆ ಮಲ್ಪೆಯಿಂದ ದ್ವೀಪ. ಲಾವಾ ತಣ್ಣಗಾಗಿ ಕಂಬ ಕಂಬವಾಗಿ ಸೀಳಿದ ಕಲ್ಲುಗಳು ಅಲ್ಲಿವೆ, ಕೆಲವಕ್ಕೆ ಆರು ಮುಖ ಎಣಿಸಬಹುದು. ಎರಡು ಗಂಟೆಗೆ ಗಾಡಿ ಹತ್ತಿಸುತ್ತೇನೆ. ವಾಪಸು ಉಜಿರೆ, ಚಾರ್ಮಾಡಿ, ಮೂಡಿಗೆರೆ, ಬೇಲೂರು. ಕತ್ತಲಾದರೆ ಚಾರ್ಮಾಡಿಯಲ್ಲಿ ಮಂಜು ಇಳಿಯುತ್ತದೆ, ತಿರುವು ಕಾಣಲ್ಲ.

ಮಲ್ಪೆಯಲ್ಲಿ ಮೀನು ಕಟ್ಟಿಸುವವರಿಗೆ ಒಂದೇ ಷರತ್ತು. ಥರ್ಮಾಕೋಲ್ ಡಬ್ಬಿ, ತುಂಬಾ ಐಸು, ಟೇಪ್ ಸುತ್ತಿ ಕ್ಯಾರಿಯರ್ ಮೇಲೆ. ಒಳಗೆ ಇಡಲು ಬಿಡಲ್ಲ, ಮರುದಿನ ಅದೇ ಗಾಡಿಯಲ್ಲಿ ಬೇರೆಯವರ ಮದುವೆ ದಿಬ್ಬಣ ಇರುತ್ತದೆ.